ಬಲಿಪೀಠದಾಚೆಗೆ ಗುರುವಿಗೇನು ಕೆಲಸ?



ಜುಲೈ ತಿಂಗಳ ಒಂದು ಭಾನುವಾರ ದೇವದುರ್ಗದಲ್ಲಿ ಬಲಿಪೂಜೆ ಅರ್ಪಿಸುವಾಗ, ಪ್ರಬೋಧನೆಯಲ್ಲಿ ಯೇಸುಸಭೆಯ ಗುರು ಸ್ಟ್ಯಾನ್ ಸ್ವಾಮಿಯವರನ್ನು ಸ್ಮರಿಸಿದೆ. ಪೂಜೆಯ ನಂತರ ಹಿರಿಯರೊಬ್ಬರು ಬೇವಿನ ಮರದ ನೆರಳಿನಲ್ಲಿ ನನ್ನನ್ನು ನಿಲ್ಲಿಸಿ, "ಫಾದರ್, ತಪ್ಪು ತಿಳ್ಕೋಬ್ಯಾಡ್ರಿ. ಗುರುಗಳಾದವ್ರು ಪೂಜಿ, ಪ್ರಾರ್ಥನಿ ನೋಡ್ಕೊಂಡು ಇರಬೇಕ್ರಿ. ಕೋರ್ಟು, ಜೈಲು ಅನ್ನೋ ಗೊಡವಿ ಅವರಿಗ್ಯಾಕ ಬೇಕಾಗಿತ್ತು?" ಎಂದರು. ಒಂದು ದಿನವೂ ಜಪಸರವನ್ನು ತಪ್ಪಿಸದ ಭಕ್ತರು ಅವರು. ನಾನು ನಕ್ಕು ಸುಮ್ಮನಾದೆ. ಅಂದು ಕೊಡದೆ ಹೋದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಏಕೆಂದರೆ ಈ ಮಾತನ್ನು ರಾಯಚೂರಿನಲ್ಲಿಯೂ ಮಾನ್ವಿಯಲ್ಲಿಯೂ ನಾನು ಕೇಳಿದ್ದೇನೆ.

ಗುರುವು ಬಲಿಪೀಠವನ್ನು ಬಿಟ್ಟು ಹೊರಬರಬಾರದು ಎಂಬ ಮಾತು ಭಕ್ತಿಯಂತೆ ತೋರುತ್ತದೆ. ಆದರೆ ಇದನ್ನೇ ಒಂದು ಸರ್ಕಾರ ಕಾನೂನಾಗಿ ಬರೆದಿತ್ತು. ಆ ಸರ್ಕಾರಕ್ಕೆ ದೇವರಲ್ಲಿ ನಂಬಿಕೆಯೇ ಇರಲಿಲ್ಲ. 1929ರ ಏಪ್ರಿಲ್ 8ರಂದು ಸೋವಿಯತ್ ರಷ್ಯದಲ್ಲಿ ಹೊರಬಂದ ಧಾರ್ಮಿಕ ಸಂಘಗಳ ಕಾನೂನು ಪ್ರಾರ್ಥನೆಯನ್ನು ನೇರವಾಗಿ ನಿಷೇಧಿಸಲಿಲ್ಲ. ಅದನ್ನು ನಾಲ್ಕು ಗೋಡೆಗಳ ಒಳಗೆ ಕೂಡಿಹಾಕಿತು. ವಿಶ್ವಾಸಿಗಳು ಪರಸ್ಪರ ನೆರವಿನ ನಿಧಿ ಕಟ್ಟುವಂತಿಲ್ಲ, ಮಕ್ಕಳು, ಯುವಕರು, ಮಹಿಳೆಯರಿಗಾಗಿ ಪ್ರತ್ಯೇಕ ಕೂಟ ನಡೆಸುವಂತಿಲ್ಲ, ವಾಚನಾಲಯ ತೆರೆಯುವಂತಿಲ್ಲ, ರೋಗಿಗಳಿಗೆ ವೈದ್ಯಕೀಯ ನೆರವು ನೀಡುವಂತಿಲ್ಲ. ಈ ಪಟ್ಟಿಯನ್ನು ನಮ್ಮ ಧರ್ಮಕೇಂದ್ರಗಳ ಪಕ್ಕದಲ್ಲಿಟ್ಟು ನೋಡಿರಿ. ನಮ್ಮ ಮಹಿಳಾ ಸಂಘ, ಮಕ್ಕಳ ಧರ್ಮೋಪದೇಶ ತರಗತಿ, ಕನ್ಯಾಸ್ತ್ರೀಯರ ಚಿಕಿತ್ಸಾಲಯ, ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ಕಟ್ಟಿದ ಶಾಲೆ, ಇವುಗಳಲ್ಲಿ ಒಂದಾದರೂ ಉಳಿಯುತ್ತಿತ್ತೇ?

ಒಳಗೇ ಇದ್ದರೆ ಅಪಾಯವಿಲ್ಲ ಎನ್ನುವವರು ಗುರು ಪಾವೆಲ್ ಫ್ಲೊರೆನ್‌ಸ್ಕಿಯವರ ಬಾಳನ್ನು ನೋಡಬೇಕು. 1882ರಲ್ಲಿ ಹುಟ್ಟಿದ ಅವರು ಗಣಿತಶಾಸ್ತ್ರ ಕಲಿತು, 1911ರಲ್ಲಿ ರಷ್ಯದ ಆರ್ಥಡಾಕ್ಸ್ ಧರ್ಮಸಭೆಯ ಗುರುವಾದರು. ಕ್ರಾಂತಿಯ ನಂತರ ಸರ್ಕಾರಕ್ಕೆ ಅವರ ವಿದ್ಯೆ ಬೇಕಾಯಿತು. ವಿದ್ಯುದೀಕರಣದ ಕಾರ್ಯದಲ್ಲಿ ಅವರು ದುಡಿದರು, ಅದೂ ಗುರುವಿನ ನಿಲುವಂಗಿಯಲ್ಲಿಯೇ. ವಿದ್ಯೆ ಬೇಕಾದವರಿಗೆ ನಿಲುವಂಗಿ ಬೇಡವಾಗಿತ್ತು. 1933ರಲ್ಲಿ ಅವರನ್ನು ಬಂಧಿಸಿ ಹತ್ತು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಒಂದು ಕಾಲಕ್ಕೆ ಪ್ರಸಿದ್ಧ ಮಠವಾಗಿದ್ದು ಆಗ ಸೆರೆಶಿಬಿರವಾಗಿದ್ದ ಸೊಲೊವ್ಕಿ ದ್ವೀಪದಲ್ಲಿ ಅವರು ಕಡಲಪಾಚಿಯಿಂದ ಅಯೋಡಿನ್ ತೆಗೆಯುವ ಕೆಲಸದಲ್ಲಿದ್ದರು. 1937ರ ಡಿಸೆಂಬರ್ 8ರಂದು ಅವರನ್ನು ಗುಂಡಿಕ್ಕಿ ಕೊಂದರು. ಮನೆಯವರಿಗೆ ತಿಳಿಸಿದ್ದು 1943ರಲ್ಲಿ ಸತ್ತರೆಂಬ ಸುಳ್ಳನ್ನು. ಫ್ಲೊರೆನ್‌ಸ್ಕಿಯವರು ಸರ್ಕಾರದ ವಿರುದ್ಧ ದಂಡು ಕಟ್ಟಿದವರಲ್ಲ. ಆ ಸರ್ಕಾರಕ್ಕಾಗಿಯೇ ದುಡಿದವರು. ಆ ದುಡಿಮೆಯೂ ಅವರನ್ನು ಕಾಪಾಡಲಿಲ್ಲ.

ನಮ್ಮ ದೇಶ ಸೋವಿಯತ್ ರಷ್ಯವಲ್ಲ. ನಮಗೆ ಸಂವಿಧಾನವಿದೆ, ಅದರ 25ನೇ ವಿಧಿಯಿದೆ, ನ್ಯಾಯಾಲಯಗಳಿವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಗುರು ಸ್ಟ್ಯಾನ್ ಸ್ವಾಮಿಯವರು ನಂಬಿ ಹೋದದ್ದು ಆ ನ್ಯಾಯಾಲಯಗಳ ಬಾಗಿಲಿಗೇ ಅಲ್ಲವೇ? ಅವರು ನಮಗೆ ದೂರದವರೂ ಅಲ್ಲ. 1937ರಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯಲ್ಲಿ ಹುಟ್ಟಿದ ಅವರು, 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಆ ಬಳಿಕ ಜಾರ್ಖಂಡಿನ ಆದಿವಾಸಿಗಳ ನಡುವೆ ಬಾಳಿದರು. ನಕ್ಸಲರೆಂಬ ಹಣೆಪಟ್ಟಿ ಹೊತ್ತು, ವಿಚಾರಣೆ ಮುಗಿಯದೆ ಸೆರೆಯಲ್ಲಿ ಕೊಳೆಯುತ್ತಿದ್ದ ಯುವಕರ ಪರವಾಗಿ ಹೈಕೋರ್ಟಿನ ಮೆಟ್ಟಿಲೇರಿದರು.

2020ರ ಅಕ್ಟೋಬರ್ 8ರಂದು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಯುಎಪಿಎ ಕಾಯಿದೆಯಡಿ ಅವರನ್ನೇ ಬಂಧಿಸಲಾಯಿತು. ಆಗ ಅವರಿಗೆ 83 ವರ್ಷ. ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ನೀರು ಕುಡಿಯಲು ಬೇಕಾದ ಕೊಳವೆಯ ಲೋಟಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಜಾಮೀನು ಸಿಗಲಿಲ್ಲ. 2021ರ ಜುಲೈ 5ರಂದು, ಜಾಮೀನು ಅರ್ಜಿ ಬಾಂಬೆ ಹೈಕೋರ್ಟಿನ ಮುಂದಿರುವಾಗಲೇ, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಚಾರಣೆ ಆರಂಭವೇ ಆಗಿರಲಿಲ್ಲ. ಅವರು ರಕ್ತಸಾಕ್ಷಿಯೆಂದು ಘೋಷಿಸುವ ಅಧಿಕಾರ ನನ್ನದಲ್ಲ, ಅದು ಧರ್ಮಸಭೆಗೆ ಸೇರಿದ್ದು. ಆದರೆ ಗುರುವಿನ ಕೆಲಸವನ್ನು ಬಿಟ್ಟು ಬೇರೆ ಗೊಡವೆಗೆ ಹೋದರು ಎಂಬ ಮಾತನ್ನು ನಾನು ಒಪ್ಪಲಾರೆ. ಅಂತಿಮ ತೀರ್ಪಿನ ದಿನ ಪ್ರಭು ಕೇಳುವ ಪ್ರಶ್ನೆಗಳಲ್ಲಿ ಸೆರೆಮನೆಯ ಭೇಟಿಯೂ ಒಂದೆಂದು ಸಂತ ಮತ್ತಾಯರ ಶುಭಸಂದೇಶವೇ ಹೇಳುತ್ತದೆ. ಅದು ಗುರುವಿನ ಕೆಲಸವಲ್ಲದಿದ್ದರೆ ಮತ್ತಾರದು?

ಹಿರಿಯರ ಮಾತಿನ ಹಿಂದೆ ಭಯವಿದೆ, ಅದನ್ನು ನಾನು ಬಲ್ಲೆ. ಮಗನ ನೌಕರಿ, ಮನೆಯ ಪಟ್ಟಾ, ಅಕ್ಕಪಕ್ಕದವರೊಂದಿಗಿನ ಬಾಳು, ಇವೆಲ್ಲ ಅವರ ಕಣ್ಣ ಮುಂದಿವೆ. ಭಯಪಡುವುದು ಪಾಪವಲ್ಲ, ಗೆತ್ಸೆಮನೆ ತೋಪಿನಲ್ಲಿ ಪ್ರಭುವೇ ಕಳವಳಗೊಂಡರು. ಆದರೆ ಭಯಕ್ಕೆ ಭಕ್ತಿಯೆಂದು ಹೆಸರಿಡುವುದು ಸುಳ್ಳು. ಈ ಸುಳ್ಳನ್ನು ನಾನೂ ಆಡಿದ್ದೇನೆ. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬಳು ಸಂಜೆ ಗುರುಮನೆಗೆ ಬಂದು, ಮಗನನ್ನು ಠಾಣೆಯಲ್ಲಿ ಕೂಡಿಸಿದ್ದಾರೆ, ಜೊತೆಗೆ ಬರ್ರಿ ಎಂದು ಬೇಡಿದಳು. ಪ್ರಾರ್ಥಿಸುತ್ತೇನೆ ತಾಯಿ ಎಂದು ಹೇಳಿ ಕಳುಹಿಸಿದೆ. ಆ ರಾತ್ರಿ ಪ್ರಾರ್ಥಿಸಿದೆ, ನಿಜ. ಆದರೆ ಆಕೆ ಒಬ್ಬಳೇ ಕತ್ತಲಲ್ಲಿ ನಡೆದುಹೋದಳು.

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ಪ್ರತಿ ವರ್ಷ ಜುಲೈ 5ರಂದು ನಿಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಈ ಇಬ್ಬರು ಗುರುಗಳ ಹೆಸರು ಹೇಳಿರಿ. ರಾಯಚೂರಿನ ಜಿಲ್ಲಾ ಕಾರಾಗೃಹದಲ್ಲಿ ವಕೀಲರಿಲ್ಲದೆ ಕುಳಿತವರು ಯಾರೆಂದು ವಿಚಾರಿಸಿರಿ. ನಿಮ್ಮ ಓಣಿಯ ಅಕ್ಷರ ಬಾರದ ಕೂಲಿಕಾರ ತಾಲೂಕು ಕಚೇರಿಗೆ ಹೋಗುವಾಗ ಜೊತೆಗೆ ಹೋಗಿರಿ. ಮತ್ತು ನಿಮ್ಮ ಗುರುವು ನೊಂದವರೊಡನೆ ಠಾಣೆಗೆ ಹೊರಟರೆ, ದಯವಿಟ್ಟು ಅವರನ್ನು ತಡೆಯಬೇಡಿರಿ.

ದೇವದುರ್ಗದ ಹಿರಿಯರೇ, ಬಲಿಪೂಜೆಯ ಕೊನೆಯಲ್ಲಿ ಗುರುವು ನಿಮ್ಮನ್ನು ಶಾಂತಿಯಿಂದ ಹೊರಗೆ ಕಳುಹಿಸುತ್ತಾನೆ. ಕಳುಹಿಸಿದವನು ತಾನು ಮಾತ್ರ ಒಳಗೇ ಉಳಿಯುವುದು ಸರಿಯೇ? ಮುಂದಿನ ಭಾನುವಾರ ಬೇವಿನ ನೆರಳಿನಲ್ಲಿ ನಿಮಗಾಗಿ ಕಾದಿರುತ್ತೇನೆ. ಈ ಸಲ ನಕ್ಕು ಸುಮ್ಮನಾಗುವುದಿಲ್ಲ.