ನಾಲ್ಕು ಜನರ ನಡುವೆ ಒಂದು ಕ್ಯಾಮೆರಾ

ಬಾಲ್ಕನಿಯಲ್ಲಿ ನಿಂತು ಮಳೆ ಚಿತ್ರಿಸೋಕೆ ಯಾರಿಗೂ ನಾಚಿಕೆ ಆಗಲ್ಲ. ಅದೇ ಫೋನನ್ನು ಗಾಂಧಿ ಬಜಾರಿನ ಹೂವಿನ ಅಂಗಡಿ ಎದುರು ಟ್ರೈಪಾಡಿಗೆ ಸಿಕ್ಕಿಸಿ ನೋಡಿ, ಕಿವಿ ಬಿಸಿಯಾಗುತ್ತೆ. ‘ಯೂಟ್ಯೂಬಾ ಸಾರ್?’ ಅಂತ ಒಬ್ಬರು ಕೇಳಿದರೆ ಸಾಕು, ಕೈ ನಡುಗುತ್ತೆ. ವಾರವಿಡೀ ಕೋಡ್ ಬರೆದು ಭಾನುವಾರ ಕಿರುಚಿತ್ರದ ಹಿಂದೆ ಬೀಳುವ ನನ್ನಂಥವರಿಗೆ ಲೆನ್ಸಿಗಿಂತ ದೊಡ್ಡ ತೊಡಕು ಈ ‘ನಾಲ್ಕು ಜನ ಏನಂತಾರೋ’ ಅನ್ನೋದೇ.

ಆ ನಾಲ್ಕು ಜನರ ಲೆಕ್ಕವನ್ನು ಮನಃಶಾಸ್ತ್ರಜ್ಞರು ಹಾಕಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವದು. ವಿದ್ಯಾರ್ಥಿಗಳಿಗೆ ಗಾಯಕ ಬ್ಯಾರಿ ಮ್ಯಾನಿಲೋ ಚಿತ್ರವಿದ್ದ, ಮುಜುಗರ ತರುವ ಟೀ ಶರ್ಟ್ ತೊಡಿಸಿ ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಹತ್ತಿರ ಹತ್ತಿರ ಅರ್ಧದಷ್ಟು ಜನ ಗಮನಿಸಿರ್ತಾರೆ ಅಂತ ತೊಟ್ಟವರ ಅಂದಾಜು. ಗಮನಿಸಿದ್ದು ಸುಮಾರು ಕಾಲು ಭಾಗ ಅಷ್ಟೇ!

ಕ್ಯಾಮೆರಾ ಟೀ ಶರ್ಟಿಗಿಂತ ಹೆಚ್ಚು ಕಣ್ಣು ಸೆಳೆಯುತ್ತೆ, ನಿಜ. ಆದರೆ ಬಸ್ ಬಂದರೆ ನೋಡ್ತಿದ್ದವರು ಹತ್ತಿ ಹೋಗ್ತಾರೆ. ಗೊದಾರ್ ಅವರ ‘ಬ್ರೆತ್‌ಲೆಸ್’ (1960) ಚಿತ್ರೀಕರಣದಲ್ಲಿ ದಾರಿಹೋಕರು ಕ್ಯಾಮೆರಾ ನೋಡಬಾರದೆಂದು ಛಾಯಾಗ್ರಾಹಕ ರವುಲ್ ಕುಟಾರ್ ಅಂಚೆಯ ತಳ್ಳುಗಾಡಿಯೊಳಗೆ ಅಡಗಿ ಕೂತಿದ್ದರಂತೆ. ನಮಗೆ ಗಾಡಿ ಬೇಡ. ಶಾನ್ ಬೇಕರ್ 2015ರ ‘ಟ್ಯಾಂಜರೀನ್’ ಸಿನಿಮಾವನ್ನು ಲಾಸ್ ಏಂಜಲೀಸ್ ಬೀದಿಗಳಲ್ಲಿ ಐಫೋನ್ 5ಎಸ್‌ನಲ್ಲೇ ತೆಗೆದರು. ಕೈಯಲ್ಲಿ ಫೋನ್ ಹಿಡಿದವರನ್ನು ಈಗ ಯಾರು ತಿರುಗಿ ನೋಡ್ತಾರೆ ಹೇಳಿ?

ನನಗೆ ಉಪಯೋಗಕ್ಕೆ ಬಂದದ್ದು ಇಷ್ಟು: ಮೊದಲ ದಿನ ಬೆಳಗ್ಗೆ ಆರೂವರೆಗೆ ಹೋಗಿ, ಜನ ಕಡಿಮೆ, ಬೆಳಕೂ ಚೆನ್ನ. ಶಾಟ್‌ಗಳ ಪಟ್ಟಿ ಜೇಬಲ್ಲಿರಲಿ; ಮಾಡೋ ಕೆಲಸ ಗೊತ್ತಿದ್ದರೆ ಮುಜುಗರಕ್ಕೆ ಪುರುಸೊತ್ತಿರಲ್ಲ. ರೆಕಾರ್ಡ್ ಒತ್ತಿ ಮನಸ್ಸಲ್ಲೇ ಹತ್ತು ಎಣಿಸಿ, ಅಲ್ಲೀವರೆಗೆ ನಿಲ್ಲಿಸಬೇಡಿ. ಒಬ್ಬ ಗೆಳೆಯ ಜತೆಗಿದ್ದರೆ ಧೈರ್ಯ ದುಪ್ಪಟ್ಟು. ಯಾರ ಮುಖವಾದರೂ ಹತ್ತಿರದಿಂದ ಬೇಕಿದ್ದರೆ ಕೇಳಿ ತೆಗೆಯಿರಿ, ತೆಗೆದ ಮೇಲೆ ತೋರಿಸಿ. ಬೇಡ ಅಂದರೆ ನಗುತ್ತಾ ಮುಂದೆ ಹೋಗಿ. ಮೆಟ್ರೋ ನಿಲ್ದಾಣದಂಥ ಕಡೆ ಅನುಮತಿ ಇಲ್ಲದೆ ಕ್ಯಾಮೆರಾ ತೆಗೀಬೇಡಿ.

ಅಪ್ಪನ ಸೈಕಲ್ ರಿಪೇರಿ ಅಂಗಡಿ ಈ ವರ್ಷ ಮುಚ್ಚುತ್ತೆ. ಆ ಅಂಗಡಿ ಇರೋದೇ ಫುಟ್‌ಪಾತಿನ ಮೇಲೆ. ಪಂಪಿನ ಸದ್ದು, ಗಾಳಿ ಹಾಕಿಸೋಕೆ ಬರುವ ಸ್ಕೂಲ್ ಹುಡುಗರು, ಎಲ್ಲ ಹೊರಗೇ. ನನ್ನ ಸಂಕೋಚ ಹೋಗಲಿ ಅಂತ ಕಾದರೆ ಅಂಗಡಿ ಕಾಯಲ್ಲ. ಹಾಗಾಗಿ ಸಂಕೋಚವನ್ನೂ ಜತೆಗೇ ಕರ್ಕೊಂಡು ಹೋಗ್ತಿದ್ದೀನಿ. ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಇದ್ದರೆ, ಈ ಭಾನುವಾರವೇ ಹೊರಡಿ.