ವೆಟಲ್‌ಗೆ ಟ್ರ್ಯಾಕ್, ನಮ್ಮ ಹುಡುಗರಿಗೆ ಹೈವೇ

2013ರ ಅಕ್ಟೋಬರ್ 27ರಂದು ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ಸೆಬಾಸ್ಟಿಯನ್ ವೆಟಲ್ ಎಂಬ 26 ವರ್ಷದ ಜರ್ಮನ್ ಸತತ ನಾಲ್ಕನೇ ಸಲ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ರೇಸ್ ಮುಗಿದ ಮೇಲೆ ಕಾರನ್ನು ಗರಗರ ತಿರುಗಿಸಿ ಹೊಗೆ ಎಬ್ಬಿಸಿದ, ಇಳಿದು ಬಂದು ಕಾರಿಗೇ ಬಾಗಿ ನಮಸ್ಕಾರ ಮಾಡಿದ. 2011, 2012, 2013 ಹೀಗೆ ಅಲ್ಲಿ ನಡೆದದ್ದು ಮೂರೇ ರೇಸು, ಮೂರನ್ನೂ ಗೆದ್ದವನು ಅವನೇ. ಆಮೇಲೆ ತೆರಿಗೆ ತಕರಾರಿನಲ್ಲಿ ಫಾರ್ಮುಲಾ ಒನ್ ಭಾರತದಿಂದ ಗಂಟುಮೂಟೆ ಕಟ್ಟಿತು. ಉತ್ತರಪ್ರದೇಶ ಸರ್ಕಾರದ ಲೆಕ್ಕದಲ್ಲಿ ಅದು ಕ್ರೀಡೆ ಅಲ್ಲ, ಮನರಂಜನೆ. ಸಾವಿರಾರು ಕೋಟಿಯ 5.125 ಕಿ.ಮೀ. ಟ್ರ್ಯಾಕ್ ಅಲ್ಲೇ ಉಳಿಯಿತು.

ಬಾಗಲಕೋಟೆಯವರಿಗೆ ಇದರ ಉಸಾಬರಿ ಯಾಕೆ ಅಂತೀರಾ? ವೆಟಲ್ ಎಲ್ಲಿಂದ ಬಂದ ಅನ್ನೋದನ್ನ ನೋಡಿದರೆ ಗೊತ್ತಾಗುತ್ತೆ.

ಅವನ ಊರು ಹೆಪ್ಪೆನ್‌ಹೈಮ್ ಅನ್ನುವ ಸಣ್ಣ ಪಟ್ಟಣ, ಅಪ್ಪ ಬಡಗಿ. ಮೂರೂವರೆ ವರ್ಷಕ್ಕೇ ಕಾರ್ಟ್ ಹತ್ತಿದ ಹುಡುಗ ಮುಂದೆ ಕೆರ್ಪೆನ್ ಎಂಬ ಊರಿನ ಕಾರ್ಟ್ ಟ್ರ್ಯಾಕಿನಲ್ಲಿ ಪಳಗಿದ. ಅದೇ ಟ್ರ್ಯಾಕಿನಲ್ಲಿ ಅವನಿಗಿಂತ ಮೊದಲು ಬೆಳೆದವನು ಮೈಕೆಲ್ ಶುಮಾಕರ್. ಅವನ ಅಪ್ಪ ಗೌಂಡಿ ಕೆಲಸದವ, ಟ್ರ್ಯಾಕ್ ನೋಡಿಕೊಳ್ಳುತ್ತಿದ್ದ. ಅವ್ವ ಅಲ್ಲೇ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದಳು. ಬೇರೆಯವರು ಬಿಸಾಡಿದ ಟೈರು ಹಾಕಿಕೊಂಡು ಓಡಿಸಿದ್ದ ಅಂತ ಅವನ ಬಾಲ್ಯದ ಬಗ್ಗೆ ಹೇಳುತ್ತಾರೆ. ಶುಮಾಕರ್‌ಗೆ 7 ವಿಶ್ವ ಪ್ರಶಸ್ತಿ, ವೆಟಲ್‌ಗೆ 4. ಒಂದು ಸಣ್ಣ ಊರಿನ ಟ್ರ್ಯಾಕಿಗೆ 11 ಕಿರೀಟ.

ವೆಟಲ್ ಕಡುಬಡವನಾಗಿದ್ದ ಅಂತ ನಾನು ಹೇಳುತ್ತಿಲ್ಲ. ಹುಡುಗನಾಗಿದ್ದಾಗಲೇ ರೆಡ್ ಬುಲ್ ಕಂಪನಿಯ ದುಡ್ಡು ಅವನ ಬೆನ್ನಿಗೆ ನಿಂತಿತು. ಆದರೆ ಕಂಪನಿಯವರು ಅವನನ್ನು ನೋಡಿದ್ದಾದರೂ ಎಲ್ಲಿ? ಬಡಗಿಯ ಮಗನೂ ಗೌಂಡಿಯ ಮಗನೂ ಕಾಲಿಡಬಹುದಾದ ಟ್ರ್ಯಾಕಿನಲ್ಲಿ. 'ಪ್ರತಿಭೆ ಇದ್ದಂವ ಹೆಂಗರ ಮಾಡಿ ಮ್ಯಾಲ ಬರ್ತಾನ ಬಿಡ್ರಿ' ಅಂತ ನಮ್ಮ ಕ್ರೀಡಾ ಸಮಾರಂಭಗಳಲ್ಲಿ ಶಾಲು ಹೊದ್ದುಕೊಂಡು ಹೇಳುವವರಿಗೆ ಈ ಊರಿನ ಹೆಸರು ಒಮ್ಮೆ ಓದಿ ಹೇಳಬೇಕು.

ಈಗ ನಮ್ಮ ಕಡೆ ಬನ್ನಿ. ಕಾರ್ ರೇಸು ನಮ್ಮ ಕೈಗೆಟುಕುವ ಮಾತಲ್ಲ. ನಮ್ಮ ರೇಸು ಸೈಕಲ್ಲು. ಬಾಗಲಕೋಟೆ, ವಿಜಯಪುರ ಎರಡೂ ಕಡೆ ಕ್ರೀಡಾ ಇಲಾಖೆಯ ಹಾಸ್ಟೆಲ್‌ನಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ. ರಾಜ್ಯದ ಸೈಕ್ಲಿಂಗ್ ತಂಡ ಅಂದರೆ ಹೆಚ್ಚಾಗಿ ಈ ಎರಡು ಜಿಲ್ಲೆಯ ಹುಡುಗ ಹುಡುಗಿಯರೇ, ಅದರಲ್ಲೂ ಹೊಲಮನಿ ಕೆಲಸದವರ ಮಕ್ಕಳು. ಬೆಳಗಿನ ಆರಕ್ಕೆ ಹುನಗುಂದ, ಇಳಕಲ್ ನಡುವಿನ ಹೆದ್ದಾರಿಗೆ ಹೋಗಿ ನಿಲ್ಲಿ. ಗ್ರಾನೈಟ್ ಬಂಡೆ ಹೇರಿದ ಲಾರಿ, ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರು, ರಾತ್ರಿಯೆಲ್ಲ ಓಡಿದ ಬಸ್ಸು. ಇವುಗಳ ಎಡಕ್ಕಿರುವ ಬಿಳಿ ಗೆರೆಯ ಆಚೆ ಮೈ ಬಗ್ಗಿಸಿ ಪೆಡಲ್ ತುಳಿಯುವ ಹುಡುಗ ಕಾಣುತ್ತಾನೆ. ಅಂಥ ಒಬ್ಬನನ್ನು ಹೆದರಿಕೆ ಆಗಲ್ವೇನೋ ತಮ್ಮಾ ಅಂತ ಕೇಳಿದ್ದೆ. 'ಲಾರಿ ಹಿಂದ ಹೋದ್ರ ಗಾಳಿ ಹೊಡ್ಯಾಂಗಿಲ್ರೀ ಅಣ್ಣಾ, ಸ್ಪೀಡ್ ಸಿಗತೈತಿ' ಅಂದ. ಇದು ನಮ್ಮ ತರಬೇತಿ ಸೌಲಭ್ಯ.

ರಸ್ತೆ ಸೈಕ್ಲಿಂಗ್‌ಗೆ ರಸ್ತೆಯೇ ಸಾಕಲ್ಲ ಅನ್ನುವವರಿಗೆ ಒಂದು ಮಾತು. ಒಲಿಂಪಿಕ್ಸ್‌ನಲ್ಲಿ ಸೈಕ್ಲಿಂಗಿನ ಬಹಳಷ್ಟು ಪದಕ ಇರುವುದು ಟ್ರ್ಯಾಕಿನಲ್ಲಿ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಗೇರು ಒಂದೇ, ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತಲೇ ಇರಬೇಕು. ಅದನ್ನು ಹೆದ್ದಾರಿಗೆ ತಂದರೆ ಮನೆಗೆ ಬರುವುದು ಹುಡುಗನಲ್ಲ, ಸುದ್ದಿ. ಅದಕ್ಕೆ ಬೇಕಾದದ್ದು ತಿರುವಿನಲ್ಲಿ ಗೋಡೆಯಂತೆ ಏರಿಸಿದ ವೆಲೋಡ್ರೋಮ್. ವಿಜಯಪುರದ ಭೂತನಾಳ ಕೆರೆ ಹತ್ತಿರ ಅಂಥದ್ದೊಂದರ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಅದು ಕುಂಟುತ್ತಿದ್ದ ಕಾಲದಲ್ಲಿ ಹದಿನಾಲ್ಕು ವರ್ಷದವನಾಗಿದ್ದ ಹುಡುಗ ಈಗ ಎಲ್ಲೋ ಡೆಲಿವರಿ ಬೈಕ್ ಓಡಿಸುತ್ತಿರಬಹುದು. ಅವನಿಗೆ ಯಾವ ಟೆಂಡರ್ ಕಳೆದ ವರ್ಷಗಳನ್ನು ಮರಳಿಸುತ್ತದೆ? ವೆಟಲ್ 2008ರಲ್ಲಿ ಮೊಂಜಾದ ಮಳೆಯಲ್ಲಿ ಮೊದಲ ಗ್ರ್ಯಾನ್ ಪ್ರಿ ಗೆದ್ದಾಗ ಅವನಿಗೆ 21. ಆ ವಯಸ್ಸಿಗೆ ನಮ್ಮವರು ಸೈಕಲ್ ಮಾರಿರುತ್ತಾರೆ.

ಇಷ್ಟು ಬೈದ ಮೇಲೆ ನಮ್ಮ ಪತ್ರಕರ್ತ ಕುಲವನ್ನೂ ಬಿಡಬಾರದು. ನಮ್ಮ ಜಾತ್ರೆಗಳಲ್ಲಿ ತೆರಬಂಡಿ, ಗಾಡಾ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತೂ ಇರುತ್ತದೆ. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಬಾದಾಮಿ ತಾಲ್ಲೂಕಿನ ಒಂದು ಶರ್ಯತ್ತಿನ ವರದಿ ಬರೆದಿದ್ದೆ. ಮೊನ್ನೆ ತೆಗೆದು ನೋಡಿದೆ. ಶ್ರೀಗಳ ಸಾನ್ನಿಧ್ಯ, ಉದ್ಘಾಟಿಸಿದ ಜನಪ್ರತಿನಿಧಿ, ವೇದಿಕೆ ಮೇಲಿದ್ದ ಹದಿಮೂರು ಹೆಸರು. ಗೆದ್ದವನು ಕೊನೆಯ ಸಾಲಿನಲ್ಲಿ, ಅದೂ ಅಡ್ಡಹೆಸರಿಲ್ಲದೆ. ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ, ಏನೂ ಇಲ್ಲ. ಅದೇ ನಾನು ವೆಟಲ್ 53 ಗ್ರ್ಯಾನ್ ಪ್ರಿ ಗೆದ್ದ, 2022ಕ್ಕೆ ನಿವೃತ್ತನಾದ ಅಂತ ಬಾಯಿಪಾಠ ಒಪ್ಪಿಸಬಲ್ಲೆ. ವೇಳೆ ಬರೆದಿಡದ ಶರ್ಯತ್ತಿನಿಂದ ಯಾವ ತರಬೇತುದಾರ ಯಾರನ್ನು ಆರಿಸಬೇಕು?

ವೆಲೋಡ್ರೋಮ್ ಬರಲಿ, ಕೇಳುತ್ತಲೇ ಇರೋಣ. ಅಲ್ಲಿಯತನಕ ನವನಗರದ ಅಗಲ ರಸ್ತೆಗಳಲ್ಲಿ ಒಂದನ್ನು ದಿನಾ ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಬ್ಯಾರಿಕೇಡ್ ಇಟ್ಟು ಈ ಮಕ್ಕಳಿಗೆ ಬಿಟ್ಟುಕೊಡಲು ಎಷ್ಟು ಕೋಟಿ ಬೇಕು? ಮಂತ್ರಿ ಬಂದ ದಿನ ಮುಚ್ಚುವ ರಸ್ತೆಯೇ ಅದು. ನಮ್ಮ ಪಾಲಿನ ಕೆಲಸವೂ ಇದೆ. ಈ ಸಲದ ಜಾತ್ರೆಗಳಿಗೆ ನಾವು ಸ್ಟಾಪ್‌ವಾಚ್ ಹಿಡಿದು ಹೋಗುತ್ತೇವೆ. ನಿಮ್ಮೂರಲ್ಲಿ ಶರ್ಯತ್ತು ಇದ್ದರೆ ತಿಳಿಸಿ. ಮೊದಲ ಹತ್ತು ಜನರ ಪೂರ್ಣ ಹೆಸರು, ಊರು, ದೂರ, ವೇಳೆ ಇಲ್ಲಿ ಹಾಕುತ್ತೇವೆ. ಉದ್ಘಾಟಕರ ಹೆಸರು ಜಾಗ ಉಳಿದರೆ.