ಮಂತ್ರಿಯ ಹೆಸರಿನ ಟೋಪಿ

ನೈಜೀರಿಯಾದ ಈಶಾನ್ಯಕ್ಕಿರುವ ಬೋರ್ನೊ ರಾಜ್ಯದಲ್ಲಿ ಗಂಡಸರು ತೊಡುವ ಕಸೂತಿ ಟೋಪಿಗೆ ‘ಜನ್ನಾ ಬುಕಾರ್’ ಎಂದು ಹೆಸರು. ಜನ್ನಾ ಎಂಬುದು ಬೋರ್ನೊ ಅರಸೊತ್ತಿಗೆಯ ಬಿರುದು. ಆ ಬಿರುದು ಹೊತ್ತಿದ್ದ ಬುಕಾರ್ ಡಿಪ್ಚರಿಮಾ ದೇಶದ ವಾಣಿಜ್ಯ ಮತ್ತು ಕೈಗಾರಿಕಾ ಮಂತ್ರಿಯಾಗಿದ್ದವರು. 1969ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ತಲೆಯ ಮೇಲಿದ್ದ ಮಾದರಿಗೆ ಜನ ಅವರ ಹೆಸರನ್ನೇ ಇಟ್ಟರು. ಇಂದಿನ ಉಪರಾಷ್ಟ್ರಪತಿ ಕಾಶಿಂ ಶೆಟ್ಟಿಮಾ ಕೂಡ ಅದೇ ಬೋರ್ನೊದವರು, ಅವರಿಗೂ ಅಲ್ಲಿನ ಕನೂರಿ ಜನರ ಈ ಟೋಪಿಯೇ ಬೇಕು. ಇಷ್ಟೆಲ್ಲ ದೊಡ್ಡವರ ತಲೆಯೇರಿದ ಕಸುಬನ್ನು ಉದ್ದಿಮೆಯಾಗಿ ಬೆಳೆಸಬಹುದು ಎಂಬ ಮಾತು ಅಲ್ಲಿ ಇನ್ನೂ ಮಾತಾಗಿಯೇ ಉಳಿದಿದೆ.

ಬಟ್ಟೆಯ ವ್ಯಾಪಾರ ಕನೂರಿಗಳಿಗೆ ಹೊಸದೇನಲ್ಲ. ಒಂದು ಕಾಲಕ್ಕೆ ಬೋರ್ನೊದಲ್ಲಿ ಕೈಮಗ್ಗದ ಹತ್ತಿಪಟ್ಟಿಗಳೇ ಹಣವಾಗಿ ಚಲಾವಣೆಯಲ್ಲಿದ್ದವು. 1851ರಲ್ಲಿ ಬೋರ್ನೊದ ಆಗಿನ ರಾಜಧಾನಿ ಕುಕವಾಕ್ಕೆ ಬಂದ ಜರ್ಮನ್ ಪ್ರವಾಸಿ ಹೈನ್ರಿಶ್ ಬಾರ್ತ್ ಈ ಪಟ್ಟಿಗಳ ಬಗ್ಗೆ ಬರೆದಿದ್ದಾನೆ.

ಟೋಪಿಯ ಕೆಲಸ ಹಲವು ಕೈಗಳದ್ದು. ಹತ್ತಿಬಟ್ಟೆಯ ಮೇಲೆ ನಕ್ಷೆ ಬರೆಯುವವರು ಒಬ್ಬರು, ಸೂಜಿ ಹಿಡಿಯುವವರು ಇನ್ನೊಬ್ಬರು. ಗೆರೆಯ ಗುಂಟ ಒತ್ತೊತ್ತಾಗಿ ದಾರ ತುಂಬುತ್ತ, ನಡುನಡುವೆ ಸಾಸಿವೆಗಾತ್ರದ ತೂತು ಬಿಟ್ಟು ಅದರ ಅಂಚನ್ನೂ ಬಿಗಿಯುತ್ತ ಹೋಗಬೇಕು. ಸುತ್ತುಪಟ್ಟಿ, ನೆತ್ತಿಯ ಬಿಲ್ಲೆ ಎರಡೂ ಮುಗಿದ ಮೇಲೆ ಕೂಡಿಸಿ ಹೊಲಿಗೆ. ಆಮೇಲೆ ಒಗೆದು, ಗಂಜಿ ಹಾಕಿ, ಅಚ್ಚಿಗೇರಿಸಿ ಒಣಗಿಸುವುದು. ಟೋಪಿ ಒಗೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರೂ ಇದ್ದಾರೆ. ಒಳ್ಳೆಯ ಟೋಪಿಯೊಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೈಯಲ್ಲೇ ಇರುತ್ತದೆ.

ಬೋಕೋ ಹರಾಂ ಉಗ್ರರ ಹಿಂಸೆಗೆ ಊರು ಬಿಟ್ಟು ರಾಜ್ಯದ ರಾಜಧಾನಿ ಮೈದುಗುರಿಗೆ ಬಂದ ಹೆಂಗಸರಲ್ಲಿ ಅನೇಕರಿಗೆ ಈಗ ಇದೇ ಅನ್ನ. ಹೊಲ ಹೋಯಿತು, ದನ ಹೋದವು, ಬೆರಳಿನ ವಿದ್ಯೆ ಉಳಿಯಿತು. ನಿರಾಶ್ರಿತರ ಶಿಬಿರದ ಗುಡಾರದಲ್ಲಿ ಕೂತು ಮಾಡಬಹುದಾದ ಕೆಲಸ ಬೇರೆ ಯಾವುದಿತ್ತು?

ಉದ್ದಿಮೆ ಎಂದೊಡನೆ ಕೆಲವರಿಗೆ ಯಂತ್ರ ನೆನಪಾಗುತ್ತದೆ. ಯಂತ್ರದ ಕಸೂತಿ ಟೋಪಿ ಪೇಟೆಯಲ್ಲಿ ಆಗಲೇ ಅಗ್ಗಕ್ಕೆ ಸಿಗುತ್ತಿದೆ, ಅದನ್ನು ಮಾಡಲು ಕನೂರಿಗಳೇ ಬೇಕಿಲ್ಲ. ಕೊಳ್ಳುವವನು ಹೆಚ್ಚು ಹಣ ಕೊಡುವುದು ಕೈಹೊಲಿಗೆಗೆ. ಆದ್ದರಿಂದ ಬೇಕಾದದ್ದು ಸಾಲದ ಸುಳಿಯಿಲ್ಲದೆ ಸಿಗುವ ದಾರ ಮತ್ತು ಬಟ್ಟೆ, ಕಣ್ಣು ಕೆಡದಷ್ಟು ಬೆಳಕು, ಹೊಲಿದವರದೇ ಸಹಕಾರ ಸಂಘ. ಇವು ಸರ್ಕಾರಗಳಿಗೆ ಉದ್ಘಾಟನೆಯ ಫೋಟೊ ಒದಗಿಸುವ ಸಂಗತಿಗಳಲ್ಲ, ಅದೇ ತೊಡಕು.

ಕೈಹೊಲಿಗೆಯ ಕೂಲಿಯ ಪ್ರಶ್ನೆ ನಮ್ಮಲ್ಲೂ ಇದೆ. ನಮ್ಮ ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಿಯ ಮುದ್ರೆ ಬಿದ್ದು ಬಹಳ ಕಾಲವಾಯಿತು. ಮುದ್ರೆ ಕಸೂತಿಯ ಹೆಸರನ್ನು ಕಾಯುತ್ತದೆ, ಕೂಲಿಯನ್ನು ನಿಗದಿ ಮಾಡುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಓದುಗರಲ್ಲಿ ಕಸೂತಿ ಹಾಕುವವರಿದ್ದರೆ, ಒಂದು ಸೀರೆಗೆ ಅಂಗಡಿಯಲ್ಲಿ ಎಷ್ಟು ಬೆಲೆ, ನಿಮ್ಮ ಕೈಗೆ ಬಂದದ್ದು ಎಷ್ಟು ಎಂದು ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.